ಹೆಜ್ಜಾರ್ಲೆಯ ಹೆಸರಿನ ತಂಗುಮನೆ

ಕಳೆದ ಬೇಸಿಗೆಯ ರಜೆಯಲ್ಲಿ ನಾವು ಇಂಗ್ಲೆಂಡಿಗೆ ಹೋಗಿ ಎರಡು ರಾತ್ರಿ ತಂಗಿದ್ದೆವೆಂದು ನಮ್ಮ ಮಗಳು ಮೈಸೂರಿನಲ್ಲಿರುವ ತನ್ನ ಅಜ್ಜಿಗೆ ಫೋನಿನಲ್ಲಿ ತಿಳಿಸಿದಳು. ಪಾಸ್‌ಪೋರ್ಟು, ವೀಸಾ, ವಿಮಾನಗಳ ಮಾತೇ ಎತ್ತದೆ ಇಂಗ್ಲೆಂಡಿಗೆ ಹೋಗಿ ಬಂದದ್ದು ಹೇಗೆಂದು ಅಜ್ಜಿ ಬೆರಗಾದರು. ನಿಜವಾಗಿ ನಾವು ಫ್ರೀಮಾಂಟಿನಿಂದ ಕಾರಿನಲ್ಲಿ ಹೊರಟು, ಗೋಲ್ಡನ್ ಗೇಟ್ ಸೇತುವೆಯನ್ನು ದಾಟಿ, ಒಂದನೆಯ ಹೆದ್ದಾರಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಮ್ಯೂರ್ ಬೀಚ್ ಎಂಬ ಸಣ್ಣ ಊರಿಗೆ ತಲುಪಿದ್ದೆವು. ರೆಡ್‌ವುಡ್ ತೊರೆಯು ಸಮುದ್ರವನ್ನು ಸೇರುವ ಆ ಕಣಿವೆಯಲ್ಲಿ, ರಸ್ತೆಯ ಬದಿಯಲ್ಲೇ, ಪೆಲಿಕನ್ ಇನ್ ಎಂಬ ಏಳು ಕೋಣೆಗಳ ತಂಗುಮನೆಯಿದೆ. ಸಂಘದ ಸದಸ್ಯರಲ್ಲಿ ಅನೇಕರು ಮ್ಯೂರ್ ವುಡ್ಸ್ ನೋಡಲು ಹೋಗುವಾಗ ಅದರ ಬಿಳಿಯ ಗೋಡೆಗಳನ್ನು ಕಂಡೇ ಇರುತ್ತೀರಿ.

ಬಿಳಿಯ ಗಾರೆಯ ಗೋಡೆಗಳ ನಡುವೆ ಕಪ್ಪು ಮರದ ತೊಲೆಗಳು, ದೊಡ್ಡದೊಂದು ಅಗ್ಗಿಷ್ಟಿಕೆ, ಮೇಲ್ಕಟ್ಟಿನ ಮಂಚ, ಕೋಣೆಯಲ್ಲಿ ಟಿವಿ ಇಲ್ಲ. ಬೆಳಗಿನ ಇಂಗ್ಲಿಷ್ ಉಪಾಹಾರದಲ್ಲಿ ಸಸ್ಯಾಹಾರಿಗಳಾದ ನಮ್ಮ ಪಾಲಿಗೆ ದಕ್ಕಿದ ಟೋಸ್ಟಿನ ಮೇಲೆ ಮನೆಯಿಂದ ತಂದಿದ್ದ ಚಟ್ನಿಪುಡಿಯನ್ನು ಉದುರಿಸಿಕೊಂಡೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಛತ್ರಗಳ ನಾಡಿನಿಂದ ಬಂದವರಿಗೆ ಇಂತಹ ಇಂಗ್ಲಿಷ್ ತಂಗುಮನೆಗಳಲ್ಲಿ ಒಂದು ವಿಶೇಷ ಕುತೂಹಲ ಹುಟ್ಟುತ್ತದೆ. ನಮ್ಮಲ್ಲಿ ದಾರಿಹೋಕನಿಗೆ ನೆರಳು ಕೊಡುವುದು ದಾನಿಯ ಪುಣ್ಯಕಾರ್ಯವಾಗಿತ್ತು. 1903ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಸಮೀಪ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರವನ್ನು ಯಾರು ತಾನೇ ಅರಿಯರು? ಇಂಗ್ಲೆಂಡಿನಲ್ಲಾದರೋ ಅದು ಹೆಂಡ, ರೊಟ್ಟಿ, ಹಾಸಿಗೆಗಳನ್ನು ಮಾರುವ ಮನೆತನದ ಕಸುಬು. ನಮ್ಮ ಛತ್ರಗಳಲ್ಲಿ ದುಡ್ಡು ಕೇಳುತ್ತಿರಲಿಲ್ಲ, ಆದರೆ ಜಾತಿಯನ್ನು ಕೇಳುವ ಛತ್ರಗಳು ಬೇಕಾದಷ್ಟಿದ್ದವು. ಆ ಮನೆಗಳಲ್ಲಿ ಕೇಳುವುದು ದುಡ್ಡನ್ನು.

"ಈ ಮನೆ ಎಷ್ಟು ಹಳೆಯದು?" ಎಂದು ಮಗಳು ಕೇಳಿದಳು. ನೋಟಕ್ಕೆ 16ನೆಯ ಶತಮಾನದ್ದು. ಆದರೆ ಇದು ಬಾಗಿಲು ತೆರೆದದ್ದು 1979ರಲ್ಲಿ. ನಮ್ಮಂತಹ ನಲವತ್ತು ದಾಟಿದವರಿಗೂ ಅದಕ್ಕೂ ವಯಸ್ಸಿನಲ್ಲಿ ಹೆಚ್ಚು ಅಂತರವಿಲ್ಲ. ಆ ವರ್ಷ ಹೀಗೊಂದು ಮನೆ ಇಲ್ಲಿ ಎದ್ದುದಕ್ಕೆ ಹಿನ್ನೆಲೆಯೊಂದಿದೆ. ಅದನ್ನು ವಿವರಿಸಲು ಹೊರಟು, ನಾಲ್ಕನೆಯ ತರಗತಿಯ ಆ ಹುಡುಗಿಯ ಪ್ರಶ್ನೆಗಳಿಗೆ ಉತ್ತರಿಸಲಾಗದೆ ನಾವೇ ಪುಸ್ತಕಗಳನ್ನು ಹುಡುಕಿ ಓದಬೇಕಾಯಿತು.

ಪೆಲಿಕನ್ ಎಂದರೆ ನಮ್ಮ ಹೆಜ್ಜಾರ್ಲೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದವರಿಗೆ ಪರಿಚಿತವಾದ ಹಕ್ಕಿ. ಫ್ರಾನ್ಸಿಸ್ ಡ್ರೇಕನು 1577ರ ಡಿಸೆಂಬರಿನಲ್ಲಿ ಐದು ಹಡಗುಗಳೊಡನೆ ಪ್ಲಿಮತ್ ಬಂದರನ್ನು ಬಿಟ್ಟಾಗ ಅವನ ಮುಖ್ಯ ಹಡಗಿಗೆ ಈ ಹಕ್ಕಿಯ ಹೆಸರಿತ್ತು. ಮರುವರ್ಷ ದಕ್ಷಿಣ ಅಮೆರಿಕದ ತುದಿಯಲ್ಲಿರುವ ಮೆಗೆಲನ್ ಜಲಸಂಧಿಯ ಬಳಿ ಅವನು ಅದಕ್ಕೆ ಗೋಲ್ಡನ್ ಹೈಂಡ್, ಎಂದರೆ ಹೊನ್ನ ಹುಲ್ಲೆ, ಎಂದು ಮರುನಾಮಕರಣ ಮಾಡಿದನು. ಯಾತ್ರೆಗೆ ಹಣ ಹೂಡಿದ್ದ ಕ್ರಿಸ್ಟೊಫರ್ ಹ್ಯಾಟನ್ ಎಂಬ ಆಸ್ಥಾನಿಕನ ಲಾಂಛನದಲ್ಲಿ ಆ ಮೃಗವಿದ್ದುದೇ ಇದಕ್ಕೆ ಕಾರಣ. ಪೆಸಿಫಿಕ್ ಸಾಗರದಲ್ಲಿ ಒಂಟಿಯಾಗಿ ಉಳಿದ ಈ ಹಡಗು ಸ್ಪೇನಿನ ಬಂದರುಗಳನ್ನೂ ಬೆಳ್ಳಿ ಹೊತ್ತ ನಾವೆಗಳನ್ನೂ ದೋಚುತ್ತ ಉತ್ತರಕ್ಕೆ ಬಂದಿತು. ಹೊಟ್ಟೆತುಂಬ ಬೆಳ್ಳಿ ತುಂಬಿಕೊಂಡು ಸೋರತೊಡಗಿದ ಹಡಗನ್ನು ದಡಕ್ಕೆಳೆದು ಒರಗಿಸಿ ಬಿರುಕುಗಳನ್ನು ಮುಚ್ಚದೆ ಮುಂದಿನ ಪಯಣ ಸಾಧ್ಯವಿರಲಿಲ್ಲ. 1579ರ ಜೂನ್ 17ರಂದು, ಅಂದಿನ ಹಳೆಯ ಪಂಚಾಂಗದ ಲೆಕ್ಕದಲ್ಲಿ, ಅವರು ಇಲ್ಲಿನ ಒಂದು ಕೊಲ್ಲಿಯನ್ನು ಹೊಕ್ಕರು. ಜುಲೈ 23ರವರೆಗೆ ಅಲ್ಲಿಯೇ ಇದ್ದರು. ಆ ಘಟನೆಗೆ ನಾನೂರು ವರ್ಷ ತುಂಬಿದ ವರ್ಷವೇ 1979.

ಕನ್ನಡ ನಾಡಿನ ಕಾಲಮಾನದಲ್ಲಿ ಹೇಳುವುದಾದರೆ, ರಕ್ಕಸತಂಗಡಿಯ ಯುದ್ಧ ನಡೆದು ಹದಿನಾಲ್ಕು ವರ್ಷಗಳಾಗಿದ್ದವು. ವಿಜಾಪುರದಲ್ಲಿ ಮೊದಲನೆಯ ಅಲಿ ಆದಿಲ ಶಾಹನು ಆಳುತ್ತಿದ್ದನು.

ಆ ಕೊಲ್ಲಿ ಯಾವುದೆಂಬ ಬಗ್ಗೆ ಬಹುಕಾಲ ಜಗಳ ನಡೆಯಿತು. ಪಾಯಿಂಟ್ ರೇಯಸ್ ಭೂಶಿರದ ಮಡಿಲಲ್ಲಿರುವ ಡ್ರೇಕ್ಸ್ ಕೊಲ್ಲಿಯನ್ನು 2012ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಸರ್ಕಾರ ಘೋಷಿಸಿತು. ಎರಡನೆಯ ದಿನ ನಾವು ಅಲ್ಲಿಗೆ ಹೋದೆವು. ಜುಲೈ ತಿಂಗಳಾದರೂ ಸ್ವೆಟರಿನ ಮೇಲೆ ಜಾಕೆಟ್ ಬೇಕಾಗುವಷ್ಟು ಗಾಳಿ, ಮಂಜು. ಡ್ರೇಕನ ಜನರೂ ಈ ಚಳಿಯನ್ನು ಶಪಿಸಿದ್ದಾರೆಂಬುದು ಸಮಾಧಾನದ ಸಂಗತಿ. ಮಂಜು ಸರಿದಾಗ ಮರಳಿನ ಹಿಂದೆ ಎತ್ತರದ ಬಿಳಿಯ ದಿಬ್ಬಗಳ ಸಾಲು ಕಾಣಿಸಿತು. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸಸೆಕ್ಸಿನಲ್ಲಿ ಸುಣ್ಣದ ಬಂಡೆಗಳು ಹೀಗೆಯೇ ಸಮುದ್ರಕ್ಕೆ ಮುಖಮಾಡಿ ನಿಂತಿವೆ. ಮನೆ ಬಿಟ್ಟು ಒಂದೂವರೆ ವರ್ಷವಾಗಿದ್ದ ನಾವಿಕರ ಕಣ್ಣಿಗೆ ಈ ಬಿಳುಪು ತವರಿನಂತೆ ಕಂಡಿರಬೇಕು. ಬ್ರಿಟನ್ನಿನ ಪ್ರಾಚೀನ ನಾಮವಾದ ಅಲ್ಬಿಯನ್ ಎಂಬುದನ್ನು ಎತ್ತಿಕೊಂಡು ಡ್ರೇಕನು ಈ ನೆಲಕ್ಕೆ ನೋವಾ ಅಲ್ಬಿಯನ್, ಹೊಸ ಅಲ್ಬಿಯನ್, ಎಂದು ಹೆಸರಿಟ್ಟನು. ಸನಿವೇಲಿನ ಅಂಗಡಿಗಳ ಸಾಲಿನಲ್ಲಿ ನಮ್ಮ ಗಾಂಧಿ ಬಜಾರನ್ನು ಕಾಣುವ ನಾವು ಅವನನ್ನು ನಗುವಂತಿಲ್ಲ. ನಾವು ಕಂಡು ಸುಮ್ಮನಾಗುತ್ತೇವೆ. ಅವನು ಹೆಸರಿಟ್ಟು, ರಾಣಿ ಎಲಿಜಬೆತಳ ಪರವಾಗಿ ನೆಲವನ್ನೇ ತನ್ನದೆಂದನು.

ಆ ನೆಲಕ್ಕೆ ಅದಾಗಲೇ ಒಡೆಯರಿದ್ದರು. ಇಂದು ಅವರನ್ನು ಕರಾವಳಿ ಮಿವೊಕ್ ಜನರೆನ್ನುತ್ತಾರೆ. ಓಕ್ ಮರದ ಕಾಯಿಗಳನ್ನು ಕುಟ್ಟಿ, ನೀರಿನಲ್ಲಿ ತೊಳೆದು ಒಗರು ಕಳೆದು, ಅಂಬಲಿ ಮತ್ತು ರೊಟ್ಟಿ ಮಾಡಿಕೊಂಡು, ಮೀನು, ಚಿಪ್ಪುಮೀನು, ಜಿಂಕೆಗಳ ಬೇಟೆಯಿಂದ ಬದುಕುತ್ತಿದ್ದರು. ಡ್ರೇಕನ ಹಡಗಿನ ಪಾದ್ರಿ ಫ್ರಾನ್ಸಿಸ್ ಫ್ಲೆಚರನ ಟಿಪ್ಪಣಿಗಳನ್ನಾಧರಿಸಿ ಡ್ರೇಕನ ಅಣ್ಣನೋ ತಮ್ಮನೋ ಆದವನ ಮಗನು 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ಐದು ವಾರಗಳ ವೃತ್ತಾಂತವಿದೆ. ಮೊದಲ ಭೇಟಿಯ ಚಿತ್ರ ನಮಗೆ ಬಹಳ ಹಿಡಿಸಿತು. ಒಬ್ಬನೇ ಒಬ್ಬ ವ್ಯಕ್ತಿ ದೋಣಿಯಲ್ಲಿ ಹಡಗಿನ ಬಳಿಗೆ ಬಂದು, ಕೈಸನ್ನೆಗಳೊಡನೆ ದೀರ್ಘವಾದ ಭಾಷಣ ಮಾಡಿದನಂತೆ. ಗರಿಗಳ ಕಟ್ಟೊಂದನ್ನೂ ಗಿಡಮೂಲಿಕೆಯ ಪುಟ್ಟ ಬುಟ್ಟಿಯನ್ನೂ ಹಡಗಿಗೆ ಕೊಟ್ಟನಂತೆ. ಬದಲಿಗೆ ಏನು ಕೊಟ್ಟರೂ ಮುಟ್ಟಲಿಲ್ಲ. ನೀರಿಗೆ ಎಸೆದ ಒಂದು ಟೋಪಿಯನ್ನು ಮಾತ್ರ ಎತ್ತಿಕೊಂಡು ಹೋದನು.

ಬಳಿಕ ನಡೆದುದನ್ನು ವೈದ್ಯರಾದ ನಾವು ಎರಡೆರಡು ಸಲ ಓದಿದೆವು. ಗುಂಪುಗುಂಪಾಗಿ ಬಂದ ಹೆಂಗಸರು ಗೋಳಿಡುತ್ತ, ಉಗುರುಗಳಿಂದ ಕೆನ್ನೆಗಳನ್ನು ಪರಚಿಕೊಂಡು ರಕ್ತ ಹರಿಸಿಕೊಂಡರು. ತಮ್ಮನ್ನು ದೇವರೆಂದು ಪೂಜಿಸುತ್ತಿದ್ದಾರೆಂದು ತಿಳಿದ ಇಂಗ್ಲಿಷರು ಆಕಾಶದತ್ತ ಕೈ ತೋರಿಸಿ ಪ್ರಾರ್ಥನೆಗೆ ತೊಡಗಿದರು. ಮಾನವಶಾಸ್ತ್ರಜ್ಞರು ಇದನ್ನು ಬೇರೆ ರೀತಿಯಲ್ಲಿ ಓದುತ್ತಾರೆ. ಕೆನ್ನೆ ಪರಚಿಕೊಂಡು ಅಳುವುದು ಈ ಜನರಲ್ಲಿ ಸಾವಿನ ಶೋಕದ ಆಚರಣೆ. ಸಮುದ್ರದಾಚೆಯಿಂದ, ಸತ್ತವರ ಲೋಕದ ದಿಕ್ಕಿನಿಂದ ಬಂದ ಈ ಬಿಳಿಚಿದ ಮುಖದವರನ್ನು ಅವರು ಹಿಂತಿರುಗಿದ ಪಿತೃಗಳೆಂದು ಭಾವಿಸಿರಬಹುದು. ಸಾವಿನ ಮನೆಯಲ್ಲಿ ಎದೆ ಬಡಿದುಕೊಂಡು, ಹೆಸರು ಹಿಡಿದು ಹಾಡಿ ಅಳುವ ಹೆಂಗಸರನ್ನು ನಮ್ಮ ಹಳ್ಳಿಗಳಲ್ಲಿ ಕಂಡವರಿಗೆ ಇದು ತಟ್ಟನೆ ಅರ್ಥವಾದೀತು.

ಸ್ವಲ್ಪ ದಿನಗಳಲ್ಲಿ ಅಂಜಿಕೆ ಕಳೆದ ಮೇಲೆ ಅವರು ತಮ್ಮ ರೋಗಗಳನ್ನು ತೋರಿಸತೊಡಗಿದರು. ಹಳೆಯ ನೋವುಗಳು, ಸೆಟೆದುಕೊಂಡ ನರಗಳು, ಮಾಯದ ಹುಣ್ಣುಗಳು, ಹೊಸ ಗಾಯಗಳು. ಅವುಗಳ ಮೇಲೆ ಉಸಿರು ಊದಿರೆಂದು ಸನ್ನೆಯಿಂದ ಬೇಡಿಕೊಂಡರು. ಇಂಗ್ಲಿಷರು ತಮ್ಮಲ್ಲಿದ್ದ ಲೇಪ, ಮುಲಾಮು, ಪಟ್ಟಿಗಳನ್ನು ಹಾಕಿದರು. ಭಾಷೆ ತಿಳಿಯದ ರೋಗಿ ಬಟ್ಟೆ ಸರಿಸಿ ಗಾಯ ತೋರಿಸುವ ಆ ಗಳಿಗೆಯನ್ನು ಯಾವ ವೈದ್ಯನೂ ಬಲ್ಲನು. ಇಡೀ ಗ್ರಂಥದಲ್ಲಿ ಎರಡೂ ಪಕ್ಷಗಳು ಒಂದನ್ನೊಂದು ಸರಿಯಾಗಿ ಅರ್ಥಮಾಡಿಕೊಂಡ ಸ್ಥಳ ಇದೊಂದೇ ಎಂದು ನಮ್ಮ ಅನಿಸಿಕೆ. ಏಕೆಂದರೆ ಅವರ ನಾಯಕನು ಪರಿವಾರದೊಡನೆ ಬಂದು ಡ್ರೇಕನ ತಲೆಗೆ ಗರಿಯ ಕಿರೀಟವಿಟ್ಟಾಗ, ಇಂಗ್ಲಿಷರು ಅದನ್ನು ರಾಜ್ಯದಾನವೆಂದು ಬರೆದುಕೊಂಡರು. ಮೈಸೂರು ಪೇಟ ತೊಡಿಸಿ ಶಾಲು ಹೊದಿಸಿದ ಅತಿಥಿ ಸಭಾಂಗಣವೇ ತನ್ನದೆಂದು ಬರೆದುಕೊಂಡರೆ ಹೇಗೋ ಹಾಗೆ.

ಆತಿಥೇಯರು ಏನು ಮಾತನಾಡಿದರೆಂಬುದು ಪೂರ್ತಿ ಅಳಿಸಿಹೋಗಿಲ್ಲ. ಡ್ರೇಕನೊಡನೆ ಹೋಗಿ ಬಂದ ಕೆಲವರು 1582ರಲ್ಲಿ ಮತ್ತೊಂದು ನೌಕಾಯಾನಕ್ಕೆ ಹೊರಟರು. ಆ ಯಾತ್ರೆಯ ಪಾದ್ರಿ ರಿಚರ್ಡ್ ಮ್ಯಾಡಾಕ್ಸನು ಅವರ ಬಾಯಿಂದ ಕೇಳಿದ ಕೆಲವು ಮಾತುಗಳನ್ನು ದಿನಚರಿಯಲ್ಲಿ ಬರೆದಿಟ್ಟನು. ಚೀಪೆ ಎಂದರೆ ರೊಟ್ಟಿ. ಹುಚಿ ಕೆಚಾರೊ ಎಂದರೆ ಕುಳಿತುಕೊಳ್ಳಿ. ನೊಚಾರೊ ಮು ಎಂದರೆ ನನ್ನನ್ನು ಮುಟ್ಟಬೇಡ. ಹಿಯೊಘೆ ಎಂದರೆ ಅರಸ. 1942ರಲ್ಲಿ ರಾಬರ್ಟ್ ಹೈಜರ್ ಮತ್ತು ವಿಲಿಯಂ ಎಲ್ಮೆಂಡಾರ್ಫ್ ಎಂಬ ವಿದ್ವಾಂಸರು ಇವನ್ನು ಪರಿಶೀಲಿಸಿ, ಇದು ಕರಾವಳಿ ಮಿವೊಕ್ ಭಾಷೆಯೇ ಎಂದು ತೋರಿಸಿದರು. ಡ್ರೇಕನು ಇಳಿದದ್ದು ಈ ತೀರದಲ್ಲೇ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿಗಳು ಕಡಿಮೆ.

ಇದನ್ನು ಓದುವಾಗ ನಮಗೆ ನೆನಪಾದದ್ದು ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಗ್ರೀಕ್ ಪ್ರಹಸನ. ಕ್ರಿಸ್ತಶಕ ಎರಡನೆಯ ಶತಮಾನದ ಪಪೈರಸ್ ಸುರುಳಿಯಲ್ಲಿರುವ ಈ ನಾಟಕದಲ್ಲಿ, ಭಾರತದ ಯಾವುದೋ ಕರಾವಳಿಯ ಅರಸನಿಂದ ಗ್ರೀಕ್ ಹೆಣ್ಣೊಬ್ಬಳನ್ನು ಬಿಡಿಸಿಕೊಂಡು ಹೋಗಲು ಅವಳ ಕಡೆಯವರು ಹಡಗಿನಲ್ಲಿ ಬರುತ್ತಾರೆ. ಅರಸನ ಕಡೆಯವರು ಆಡುವ ವಿಚಿತ್ರ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ವಾದಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಇದನ್ನು ಚರ್ಚಿಸಿದರು. ಎಲ್ಲರೂ ಒಪ್ಪಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅಲ್ಲಿಯೂ ಆತಿಥೇಯರ ಮಾತು ಉಳಿದದ್ದು ಬಂದುಹೋದವರ ಕಿವಿಯಲ್ಲಿ, ಅದೂ ನೋಡುಗರನ್ನು ನಗಿಸುವ ತೊದಲಾಗಿ. ನಮಗೆ ಹಲ್ಮಿಡಿ ಶಾಸನವಿದೆ, ಪಂಪನಿದ್ದಾನೆ, ಆದುದರಿಂದ ಆ ತೊದಲು ನಮಗೊಂದು ಮೋಜು. 16ನೆಯ ಶತಮಾನದ ಮಿವೊಕ್ ಜನರ ಬಾಯಿಮಾತಾಗಿ ಕಾಗದದ ಮೇಲೆ ಉಳಿದಿರುವುದು ಇಷ್ಟೇ ಒಂದು ಹಿಡಿ.

ಡ್ರೇಕನು ನೆಲವನ್ನು ತನ್ನದೆಂದು ಸಾರುವ ಲೋಹದ ಫಲಕವೊಂದನ್ನು ಕಂಬಕ್ಕೆ ಹೊಡೆಸಿದ್ದನೆಂದು ವೃತ್ತಾಂತ ಹೇಳುತ್ತದೆ. ಬರ್ಕ್ಲಿಯ ಇತಿಹಾಸಕಾರ ಹರ್ಬರ್ಟ್ ಬೋಲ್ಟನ್ ಅವರು ಆ ಫಲಕವನ್ನು ಹುಡುಕುವಂತೆ ವರ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದರು. 1936ರಲ್ಲಿ ಅಂಗಡಿಯ ಗುಮಾಸ್ತನೊಬ್ಬನಿಗೆ ಮರಿನ್ ಜಿಲ್ಲೆಯಲ್ಲಿ ಹಿತ್ತಾಳೆಯ ಫಲಕ ಸಿಕ್ಕಿತು. ಬೋಲ್ಟನ್ ಹಿಗ್ಗಿದರು. 1937ರಲ್ಲಿ ಅದು ಅಸಲಿಯೆಂದು ಸಾರಲಾಯಿತು, 3500 ಡಾಲರಿಗೆ ಕೊಳ್ಳಲಾಯಿತು, ಶಾಲಾ ಪಠ್ಯಗಳಲ್ಲಿ ಚಿತ್ರ ಮುದ್ರಿತವಾಯಿತು. ನಾನೂರನೆಯ ವರ್ಷದ ಉತ್ಸವಕ್ಕೆ ಸಿದ್ಧತೆ ನಡೆದಿರುವಾಗ, 1977ರಲ್ಲಿ ಲೋಹದ ಪರೀಕ್ಷೆಯ ಫಲಿತಾಂಶ ಬಂದಿತು. ಅದು ಇತ್ತೀಚಿನ ಕಾರ್ಖಾನೆಯಲ್ಲಿ ತಯಾರಾದ ಹಿತ್ತಾಳೆ. 16ನೆಯ ಶತಮಾನದಲ್ಲಿ ಅಷ್ಟು ಶುದ್ಧವಾದ ಸತುವೂ ತಾಮ್ರವೂ ಬೆರೆತ ತಗಡು ಸಾಧ್ಯವಿರಲಿಲ್ಲ. ಬೋಲ್ಟನ್ ಸದಸ್ಯರಾಗಿದ್ದ ವಿನೋದಪ್ರಿಯರ ಕೂಟವೊಂದರ ಗೆಳೆಯರು ಅವರನ್ನು ತಮಾಷೆ ಮಾಡಲು ಅದನ್ನು ಮಾಡಿದ್ದರೆಂದು 2003ರಲ್ಲಿ ಸಂಶೋಧಕರು ವಿವರಿಸಿದರು. ಫಲಕದ ಹಿಂಬದಿಯಲ್ಲಿ ಆ ಕೂಟದ ಮೊದಲಕ್ಷರಗಳನ್ನು ಅತಿನೇರಳೆ ಬೆಳಕಿಗೆ ಮಾತ್ರ ಕಾಣುವ ಬಣ್ಣದಲ್ಲಿ ಬರೆದೂ ಇದ್ದರು! ಬೋಲ್ಟನ್ ಅವರನ್ನು ಹಗುರವಾಗಿ ಕಾಣಲು ನಮಗೆ ಮನಸ್ಸಾಗುವುದಿಲ್ಲ. ಮೊದಲೇ ನಿರ್ಧರಿಸಿಕೊಂಡ ಕಾಯಿಲೆಯನ್ನೇ ಎಕ್ಸ್‌ರೇಯಲ್ಲಿ ಕಂಡ ದಿನಗಳು ನಮ್ಮ ಕಸುಬಿನಲ್ಲಿಯೂ ಇವೆ.

ಅದೇ 1579ರಲ್ಲಿ ಇನ್ನೊಬ್ಬ ಇಂಗ್ಲಿಷನು ನಮ್ಮ ಕಡೆಗೆ ಹೊರಟಿದ್ದನು. ಥಾಮಸ್ ಸ್ಟೀಫನ್ಸ್ ಎಂಬ ಜೆಸುವಿಟ್ ಸನ್ಯಾಸಿ ಏಪ್ರಿಲಿನಲ್ಲಿ ಲಿಸ್ಬನ್ ಬಿಟ್ಟು ಅಕ್ಟೋಬರಿನಲ್ಲಿ ಗೋವೆಗೆ ತಲುಪಿದನು. ಎಂದರೆ ಡ್ರೇಕನು ಇಲ್ಲಿ ಹಡಗಿನ ಬಿರುಕು ಮುಚ್ಚಿಸುತ್ತಿದ್ದಾಗ ಸ್ಟೀಫನ್ಸನು ಕಡಲ ಮೇಲಿದ್ದನು. ಅವನು ಹಿಂತಿರುಗಲಿಲ್ಲ. 1619ರಲ್ಲಿ ಸಾಯುವವರೆಗೆ ನಲವತ್ತು ವರ್ಷ ಅಲ್ಲಿದ್ದು, ಕೊಂಕಣಿಗೆ ವ್ಯಾಕರಣ ಬರೆದನು, ಮರಾಠಿಯಲ್ಲಿ ಸಾವಿರಾರು ಓವಿಗಳ ಕ್ರಿಸ್ತಪುರಾಣವನ್ನು ರಚಿಸಿದನು. ಅವನ ಸುತ್ತ ಗುಡಿಗಳು ಉರುಳುತ್ತಿದ್ದವು, ಅವನು ಬಂದದ್ದೂ ಮತಾಂತರಕ್ಕೇ, ಅದನ್ನು ಮರೆಮಾಚಬೇಕಿಲ್ಲ. ಆದರೂ ಐದು ವಾರ ಉಂಡು ಕೆಲವು ಮಾತುಗಳನ್ನು ಹೊತ್ತೊಯ್ದವನಿಗೂ, ಆ ನೆಲದ ಛಂದಸ್ಸಿನಲ್ಲೇ ಹಾಡುವಷ್ಟು ಕಲಿತವನಿಗೂ ವ್ಯತ್ಯಾಸವಿದೆ. ಗೋವೆಯಲ್ಲಿ ಸೆರೆಸಿಕ್ಕ ರಾಲ್ಫ್ ಫಿಚ್ ಮೊದಲಾದ ಇಂಗ್ಲಿಷ್ ವರ್ತಕರನ್ನು ಬಿಡಿಸಲು ನೆರವಾದವನೂ ಇವನೇ. ಫಿಚನು ಅಲ್ಲಿಂದ ತಪ್ಪಿಸಿಕೊಂಡು 1584ರಲ್ಲಿ ಬೆಳಗಾವಿ, ವಿಜಾಪುರಗಳ ಹಾದಿ ಹಿಡಿದನು. ಬೆಳಗಾವಿಯ ರತ್ನಗಳ ಸಂತೆಯನ್ನು ಅವನು ದಾಖಲಿಸಿದ್ದಾನೆ.

ಇತ್ತ ಮಿವೊಕ್ ಜನರಿಗೆ ಮುಂದಿನ ಅತಿಥಿಗಳು ಬಂದರು. 1776ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಪೇನಿನ ಪಾದ್ರಿಗಳು ಮಿಷನ್ ಸ್ಥಾಪಿಸಿದರು. ಗೋಡೆಗಳೊಳಗೆ ಕೂಡಿಹಾಕಿದ ಜನರಲ್ಲಿ ಯುರೋಪಿನ ರೋಗಗಳು ಹಬ್ಬಿದವು. 1806ರ ದಡಾರ ಕೊಲ್ಲಿಯ ಸುತ್ತಲಿನ ಮಿಷನ್‌ಗಳಲ್ಲಿ ಮಕ್ಕಳನ್ನೂ ಬಸುರಿಯರನ್ನೂ ಗುಡಿಸಿಕೊಂಡು ಹೋಯಿತು. ಮಂಜಿನ ಚಳಿಯಲ್ಲಿ ಸಾಯುತ್ತಿದ್ದವರನ್ನು ಬಿಸಿಲಿಗೆ ಒಯ್ಯಲೆಂದು 1817ರ ಡಿಸೆಂಬರಿನಲ್ಲಿ ಕೊಲ್ಲಿಯ ಉತ್ತರಕ್ಕೆ ಆರೈಕೆಯ ಉಪಮಿಷನ್ ಒಂದನ್ನು ತೆರೆದರು. ಗುಣಪಡಿಸುವ ದೇವದೂತನ ಹೆಸರನ್ನೇ ಅದಕ್ಕಿಟ್ಟರು. ಅದೇ ಇಂದಿನ ಸ್ಯಾನ್ ರಫಾಯೆಲ್ ನಗರದ ಮೂಲ. ನಾಲ್ಕನೆಯ ತರಗತಿಯ ಮಕ್ಕಳು ರಟ್ಟಿನಲ್ಲಿ ಮಿಷನ್ ಕಟ್ಟಡದ ಮಾದರಿ ಮಾಡುವುದು ಇಲ್ಲಿನ ಹಳೆಯ ವಾಡಿಕೆ. ನಮ್ಮ ಮನೆಯ ಊಟದ ಮೇಜಿನ ಮೇಲೂ ಅಂಟು ಒಣಗಲು ಅಂತಹದೊಂದು ಕುಳಿತಿತ್ತು. ಅದು ಆಸ್ಪತ್ರೆಯಾಗಿಯೂ ಇತ್ತು, ಆ ಆಸ್ಪತ್ರೆ ಏಕೆ ಬೇಕಾಯಿತು ಎಂಬುದನ್ನು ನಾವು ಮಗಳಿಗೆ ಆಗ ಹೇಳಿರಲಿಲ್ಲ. ನಮಗೂ ತಿಳಿದಿರಲಿಲ್ಲ. ಮರಿನ್ ಎಂಬ ಜಿಲ್ಲೆಯ ಹೆಸರು ಸಹ ಒಬ್ಬ ಮಿವೊಕ್ ನಾಯಕನದು. ಹುಯಿಕ್‌ಮುಸೆ ಎಂಬ ಅವನಿಗೆ 1801ರಲ್ಲಿ ದೀಕ್ಷಾಸ್ನಾನ ಮಾಡಿಸಿ ಮರಿನೊ ಎಂದು ಕರೆದರು.

1958ರ ಕಾಯ್ದೆಯೊಂದರ ಮೂಲಕ ಸರ್ಕಾರ ಕ್ಯಾಲಿಫೋರ್ನಿಯದ ಹಲವು ಬುಡಕಟ್ಟುಗಳ ಮಾನ್ಯತೆಯನ್ನು ಕಿತ್ತುಕೊಳ್ಳಹೊರಟಿತು. ಮಿವೊಕ್ ಮತ್ತು ಅವರ ನೆರೆಯ ಪೋಮೊ ಜನರು ಒಟ್ಟಾಗಿ ಹೋರಾಡಿ, 2000ದ ಡಿಸೆಂಬರಿನಲ್ಲಿ ಅದನ್ನು ಮರಳಿ ಪಡೆದರು. ಫೆಡರೇಟೆಡ್ ಇಂಡಿಯನ್ಸ್ ಆಫ್ ಗ್ರೇಟನ್ ರಾಂಚೆರಿಯಾ ಎಂಬುದು ಅವರ ಸಂಘಟನೆಯ ಹೆಸರು. 2021ರಿಂದ ಪಾಯಿಂಟ್ ರೇಯಸ್ ರಾಷ್ಟ್ರೀಯ ಕಡಲತೀರದ ಆಡಳಿತದಲ್ಲಿ ಅವರೂ ಪಾಲುದಾರರು. ಅದೇ ವರ್ಷ ಡ್ರೇಕನ ಹೆಸರಿದ್ದ ಮರಿನ್‌ನ ಪ್ರೌಢಶಾಲೆಯೊಂದು ಹೆಸರು ಬದಲಿಸಿಕೊಂಡಿತು. ಯೌವನದಲ್ಲಿ ಅವನು ಗುಲಾಮರ ವ್ಯಾಪಾರದ ಯಾತ್ರೆಗಳಲ್ಲಿ ಪಾಲ್ಗೊಂಡಿದ್ದುದು ಅದಕ್ಕೆ ಮುಖ್ಯ ಕಾರಣ. ಅವನ ಹೆಸರಿನ ಹೆದ್ದಾರಿಯಲ್ಲಿಯೇ ನಾವು ಮನೆಗೆ ಮರಳಿದೆವು.

ಇನ್ನೊಂದು ಸಂಗತಿಯನ್ನು ತಿಳಿಸದಿದ್ದರೆ ತಂಗುಮನೆಯ ಕತೆ ಅರ್ಧವಾಗುತ್ತದೆ. ಮ್ಯೂರ್ ಬೀಚಿನಿಂದ ಉತ್ತರಕ್ಕೆ, ರೋನರ್ಟ್ ಪಾರ್ಕ್ ಎಂಬ ಊರಿನಲ್ಲಿ, ಈ ಬುಡಕಟ್ಟಿನವರದೇ ಒಂದು ಕ್ಯಾಸಿನೊ 2013ರಲ್ಲಿಯೂ, ಅದಕ್ಕೆ ಹೊಂದಿಕೊಂಡ 200 ಕೋಣೆಗಳ ಹೋಟೆಲು 2016ರಲ್ಲಿಯೂ ಆರಂಭವಾದವು. ಜೂಜಿನ ಕಟ್ಟಡಕ್ಕೆ ಮಕ್ಕಳನ್ನು ಕರೆದೊಯ್ಯಲು ಮನಸ್ಸಾಗದೆ ನಾವು ಅಲ್ಲಿ ತಂಗಲಿಲ್ಲ. ಆದರೂ ಬಾಡಿಗೆ ಕೊಟ್ಟು ಅವರ ಮನೆಯಲ್ಲಿ ಮಲಗುವ ಅತಿಥಿಗಳು ಈಗ ಪ್ರತಿ ರಾತ್ರಿ ಬರುತ್ತಾರೆ, ಬೆಳಗಾದರೆ ಹೋಗುತ್ತಾರೆ.

ಮಗಳು ತನ್ನ ಶಾಲೆಯ ಪುಸ್ತಕದಲ್ಲಿ ಮ್ಯಾಡಾಕ್ಸನ ಪಟ್ಟಿಯ ನಾಲ್ಕು ಮಾತುಗಳನ್ನು ಬರೆದು, ಎದುರಿಗೆ ಕನ್ನಡ ಬರೆದಿದ್ದಾಳೆ. ಹುಚಿ ಕೆಚಾರೊ ಎಂಬುದರ ಮುಂದೆ ಮೊದಲು "ಕೂತ್ಕೋ" ಎಂದಿತ್ತು. ಮುಂದಿನ ಭಾನುವಾರ ಅದನ್ನು ಫೋನಿನಲ್ಲಿ ಓದಿ ಹೇಳಿದಾಗ, ಮನೆಗೆ ಬಂದವರಿಗೆ ಹಾಗೆನ್ನುತ್ತಾರೆಯೇ ಎಂದು ಅಜ್ಜಿ ಕೇಳಿದರು. ಈಗ ಅಲ್ಲಿ "ಕೂತ್ಕೊಳ್ಳಿ" ಎಂದಿದೆ.